ಹೊರಡುವುದೆಂಬ ಕೆಲಸ

ಪ್ರವಾಸದಿಂದ ಮರಳಿ ಎರಡು ತಿಂಗಳು ಮಿಕ್ಕಿತು. ಕಾರಿನ ಚಕ್ರಗಳಿಗೆ ಮೆತ್ತಿಕೊಂಡು ಬಂದಿದ್ದ ಕಂಬಂ ಕಣಿವೆಯ ಮಣ್ಣು ತೊಳೆದುಹೋಗಿದೆ; ಅಲ್ಲಿಂದ ತಂದ ದ್ರಾಕ್ಷಿ ನೆರೆಮನೆಯ ಮಕ್ಕಳ ಪಾಲಾಗಿ ಎಂದೋ ಮುಗಿದಿದೆ; ಕಂಡ ಗೋಪುರಗಳೂ ಸೇತುವೆಗಳೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಕಳೆದುಕೊಂಡು ಮನಸ್ಸಿನ ಮೂಲೆಯಲ್ಲಿ ರಾಶಿಬಿದ್ದಿವೆ. ಆದರೆ ಆ ಕಣಿವೆಯಲ್ಲಿ ಒಬ್ಬ ವೃದ್ಧೆ ಕೇಳಿದ ಮೂರು ಪದದ ಪ್ರಶ್ನೆಯೊಂದು, ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಕಬ್ಬಿನ ಸಿಬಿರಿನಂತೆ, ನಾಲಗೆ ಹೊರಳಿದಾಗಲೆಲ್ಲ ತಗುಲುತ್ತಲೇ ಇದೆ. ಅದನ್ನು ಹೇಳಬೇಕಾದರೆ ಕಥೆಯನ್ನು ಹೊರಟ ದಿನದಿಂದ ಪ್ರಾರಂಭಿಸಿದರೆ ಸಾಲದು. ಹೊರಡುವುದಕ್ಕೆ ಮೊದಲಿನ ಮೂರು ವಾರಗಳಿಂದಲೇ ಹಿಡಿಯಬೇಕು. ನಿಜ ನುಡಿದರೆ ನಮ್ಮ ಪ್ರವಾಸದ ಬಹುಭಾಗ ನಡೆದುಹೋದದ್ದು ಆ ಮೂರು ವಾರಗಳಲ್ಲಿಯೇ, ನಮ್ಮ ಅಂಗಳದಲ್ಲಿಯೇ.

ನಮ್ಮ ಸಾತನೂರು ದಾರಿಗಳ ಮೇಲೆ ಬದುಕುವ ಊರು. ಕನಕಪುರದಿಂದ ಬಂದು ಹಲಗೂರು ಮಳವಳ್ಳಿಗಳತ್ತ ಸಾಗುವ ಹೆದ್ದಾರಿಯನ್ನು ಚನ್ನಪಟ್ಟಣದ ರಸ್ತೆ ಬಂದು ಕೂಡಿಕೊಳ್ಳುವುದು ಇಲ್ಲಿಯೇ. ಆ ಹೆದ್ದಾರಿಗೆ ಹಿಂದೆ 209 ಎಂಬ ಸಂಖ್ಯೆಯಿತ್ತು, ಈಗ 948 ಆಗಿದೆ. ಸಂಖ್ಯೆ ಏನೇ ಆಗಲಿ, ನಮ್ಮ ತೋಟದ ಬೇಲಿಗೆ ಕೂಗಳತೆಯಲ್ಲಿ ಹಾದು, ಕೊಳ್ಳೇಗಾಲ ಚಾಮರಾಜನಗರಗಳನ್ನು ದಾಟಿ, ದಿಂಬಂ ಘಟ್ಟವನ್ನಿಳಿದು ಅದು ಕೊಯಮತ್ತೂರಿಗೆ ಹೋಗುತ್ತದೆಂಬುದನ್ನು ನಾನು ಬಾಲ್ಯದಿಂದಲೂ ಬಲ್ಲೆ. ಬಲ್ಲೆನೆಂದರೆ, ಲಾರಿಗಳ ಹಿಂಬದಿಯ ಬರಹವನ್ನು ಓದಿ ಬಲ್ಲೆ. ರಾತ್ರಿ ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತ ನಿಂತಾಗ ಆ ಲಾರಿಗಳ ಸದ್ದು ದಕ್ಷಿಣಕ್ಕೆ ಕರಗಿ ಹೋಗುವುದನ್ನು ಕೇಳುತ್ತ ಅರುವತ್ತು ವರ್ಷ ಕಳೆದವನು, ಆ ದಾರಿಯಲ್ಲಿ ಕೊಳ್ಳೇಗಾಲಕ್ಕಿಂತ ಆಚೆಗೆ ಒಮ್ಮೆಯೂ ಹೋದವನಲ್ಲ. “ಈ ರಸ್ತೆ ಹಿಡಿದು ಭೂಮಿ ಮುಗಿಯುವ ತನಕ ಹೋಗಿ ಬರೋಣ” ಎಂದು ಮಗ ಹೇಳಿದಾಗ ಇಲ್ಲವೆನ್ನುವುದಕ್ಕೆ ನನ್ನಲ್ಲಿ ಕಾರಣವಿರಲಿಲ್ಲ, ತೋಟವೊಂದಿತ್ತು, ಅಷ್ಟೆ. ಹನ್ನೆರಡು ದಿನದ ಪ್ರಯಾಣ, ಕನ್ಯಾಕುಮಾರಿಯವರೆಗೆ. ನಡುವೆ ತೇನಿ ಜಿಲ್ಲೆಯ ಕಂಬಂ ಎಂಬಲ್ಲಿ ಒಂದು ದಿನ ನಿಲ್ಲಬೇಕೆಂಬುದು ನಾನು ಹಾಕಿದ ಏಕೈಕ ನಿಬಂಧನೆ. ಅದೇಕೆಂಬುದು ಮುಂದೆ ಬರುತ್ತದೆ.

ರೇಷ್ಮೆ ಬೆಳೆಯುವವನಿಗೆ ಪಂಚಾಂಗ ಬೇರೆಯೇ ಇರುತ್ತದೆ. ಚಾಕಿ ಹುಳುವನ್ನು ಮನೆಗೆ ತಂದ ಮೇಲೆ ಒಂದೊಂದೇ ಜ್ವರ ಕಳೆದು, ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲಿರುಳೆನ್ನದೆ ಮಳೆ ಹೊಯ್ದ ಸದ್ದಿನಲ್ಲಿ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆಯೇರಿ, ಗೂಡು ಕಟ್ಟಿ, ಆ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಯ ಜಾಲರಿಯಲ್ಲಿ ಸುರಿದು ಕೈತೊಳೆಯುವವರೆಗೆ ಮನೆಯವರಾರೂ ಎರಡು ರಾತ್ರಿ ಎಲ್ಲಿಯೂ ತಂಗುವ ಹಾಗಿಲ್ಲ. ನೆಂಟರ ಮನೆಯ ಮದುವೆಗೆ ಹೋದರೂ ಧಾರೆಯೆರೆದ ಅಕ್ಷತೆ ತಲೆಯ ಮೇಲಿರುವಂತೆಯೇ ಬಸ್ಸು ಹಿಡಿಯಬೇಕು. ಬೆಳೆ ಎದ್ದ ಮೇಲೆ ಹುಳುವಿನ ಮನೆಯನ್ನು ತೊಳೆದು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಎರಚಿ, ಹಿಪ್ಪುನೇರಳೆಯನ್ನು ಸವರಿ, ಹೊಸ ಚಿಗುರು ಬರುವ ತನಕ ಕಾಯುವ ಕೆಲವು ವಾರಗಳುಂಟಲ್ಲ, ನಮ್ಮಂಥವರ ತೀರ್ಥಯಾತ್ರೆಗಳೆಲ್ಲ ಆ ಬಿಡುವಿನಲ್ಲಿ ಅಡಗಬೇಕು. ಈ ಸಲ ಆ ಬಿಡುವು ಸಂಕ್ರಾಂತಿಗೆ ಬಂತು.

ಆದರೆ ಸಂಕ್ರಾಂತಿಯೆಂಬುದು ತೋಟಗಾರನು ಮನೆ ಬಿಡುವ ಕಾಲವೇ ಅಲ್ಲ. ಮಾವು ಹೂವಾಗಿ ನಿಂತಿರುತ್ತದೆ. ಬೆಳಗಿನ ಮಂಜು ಒಂದು ಗಳಿಗೆ ಹೆಚ್ಚು ನಿಂತರೂ ಹೂವು ಕಪ್ಪಾಗುವುದೆಂಬ ಭಯ, ಮಂಜೆದ್ದರೆ ಜಿಗಿಹುಳುವಿನ ಭಯ. ಅವರೆಯ ಸೊಗಡು ಅಂಗಳವನ್ನೆಲ್ಲ ತುಂಬಿ, ಹಿತಕಿದ ಬೇಳೆಯ ಸಾರಿಲ್ಲದೆ ಒಂದು ರಾತ್ರಿಯೂ ಕಳೆಯದ ದಿನಗಳವು. ಕಣದಲ್ಲಿ ರಾಗಿ ಇನ್ನೂ ಮೆದೆಯಾಗಿಯೇ ಇರುತ್ತದೆ, ಕಾವೇರಿ ವನ್ಯಜೀವಿಧಾಮದ ಕಡೆಯಿಂದ ಆನೆಗಳ ಸವಾರಿ ಬರುವುದೂ ಅದರ ವಾಸನೆಗೇ. ಆದುದರಿಂದ ಮೊದಲು ರಾಗಿಯನ್ನು ಒಕ್ಕಿಸಿ ಒಳಗೆ ಸೇರಿಸಿದೆವು. ಆಮೇಲೆ ಹೊಸದಾಗಿ ನೆಟ್ಟ ಹದಿನಾಲ್ಕು ಮಾವಿನ ಸಸಿಗಳ ಬುಡದಲ್ಲಿ ಮಣ್ಣಿನ ಮಡಕೆಗಳನ್ನು ಹೂತು, ತಳದ ತೂತಿಗೆ ಬತ್ತಿಯಿಟ್ಟು, ನೀರು ತುಂಬಿಸಿ ಮೇಲೆ ಬೋಕಿ ಮುಚ್ಚಿದೆ. ಈ ವಿದ್ಯೆ ಹಳೆಯದು. ತುಂಬಿದ ಮಡಕೆ ನಾಲ್ಕಾರು ದಿನ ಸಸಿಯನ್ನು ಕಾಯುತ್ತದೆ. ಕೊಳವೆ ಬಾವಿಯ ಮೋಟಾರಿಗೆ ಕರೆಂಟು ಬರುವ ಹೊತ್ತು ವಾರಕ್ಕೊಮ್ಮೆ ಬದಲಾಗುವುದರಿಂದ, ಯಾವ ವಾರ ರಾತ್ರಿ, ಯಾವ ವಾರ ಹಗಲು ಎಂಬುದನ್ನು ಬರೆದಿಟ್ಟೆ. ಸೂಜಿಮಲ್ಲಿಗೆಗೆ ಎಷ್ಟು ಚೊಂಬು, ಕನಕಾಂಬರಕ್ಕೆ ಎಷ್ಟು, ತುಳಸಿಗೆ ಯಾವ ಹೊತ್ತು, ಕರಿಬೇವಿಗೆ ಏಕೆ ನೀರು ಹೆಚ್ಚಾಗಬಾರದು, ಹಸುವಿಗೆ ಬೂಸಾ ಎಷ್ಟು ಮತ್ತು ಹಿಂಡಿ ಎಷ್ಟು, ಗಬ್ಬದ ಹಸುವನ್ನು ಏಕೆ ಬೇರೆ ಗೂಟಕ್ಕೆ ಕಟ್ಟಬೇಕು ಎಂದು ಬರೆಯುತ್ತ ಹೋದದ್ದು ನಾಲ್ಕು ಹಾಳೆಯಾಯಿತು.

ಬೀಗದ ಕೈಯನ್ನೂ ತೋಟವನ್ನೂ ಒಪ್ಪಿಸಿಕೊಳ್ಳಲು ಬಂದ ನೆರೆಮನೆಯಾಕೆಗೆ ಆ ಹಾಳೆಗಳನ್ನು ಓದಿ ಹೇಳಿದೆ. ಆಕೆ ಸೆರಗಿನಲ್ಲಿ ಕೈಯೊರಸಿಕೊಂಡು ಪೂರ್ತಿ ಕೇಳಿ, “ಇದೇನ್ ಸ್ವಾಮಿ, ಮದ್ವೆ ಮನೆ ಸಾಮಾನ್ ಪಟ್ಟಿ ಇದ್ದಂಗದೆ. ನಾನೇನ್ ಹಸ ಕಾಣ್ದೋಳಾ?” ಎಂದು ನಕ್ಕಳು. ಓದು ಬಾರದವಳು, ಆದರೂ ಹಾಳೆಗಳನ್ನು ಬೇಡವೆನ್ನದೆ, ನನ್ನ ಮನಸ್ಸಿನ ಸಮಾಧಾನಕ್ಕೋ ಎಂಬಂತೆ, ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ಗಬ್ಬದ ಹಸುವಿನ ವಿಚಾರವೇ ನನ್ನನ್ನು ಹೆಚ್ಚು ಬಾಧಿಸಿದ್ದು. ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನವೆಂಬುದು ನಮ್ಮಲ್ಲಿ ಹೇಳುವ ಲೆಕ್ಕ. ಹಾಗೆ ಎಣಿಸಿದರೆ ಅದು ಫೆಬ್ರವರಿಯ ಎರಡನೆಯ ವಾರದಲ್ಲಿ ಈಯಬೇಕು. ನಾವು ಜನವರಿ ಮುಗಿಯುವುದರೊಳಗೆ ಹಿಂತಿರುಗುವವರು. ಬೆರಳೆಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗೀಟೆಳೆದು, ಮೂರು ಬಾರಿ ತಾಳೆ ನೋಡಿದ್ದೆ.

ಇಷ್ಟು ಮಾಡಿದ ಮೇಲೆ ಒಂದು ಮಧ್ಯಾಹ್ನ ಜಗುಲಿಯಲ್ಲಿ ಕುಳಿತು ಯೋಚಿಸುತ್ತಿರುವಾಗ ನಗು ಬಂತು. ನಮ್ಮ ಹಿರಿಯರು ಹೊರಡುವುದನ್ನು ಎಷ್ಟು ದೊಡ್ಡ ಕೆಲಸವೆಂದು ಭಾವಿಸಿದ್ದರೆಂದರೆ, ಪ್ರಯಾಣದ ದಿನ ಒಳ್ಳೆಯ ಮುಹೂರ್ತ ಕೂಡಿಬರದಿದ್ದರೆ ಮೊದಲೇ ಒಂದು ಶುಭಘಳಿಗೆಯಲ್ಲಿ ಗಂಟೊಂದನ್ನು ಪರರ ಮನೆಯಲ್ಲಿರಿಸಿ ‘ಪ್ರಸ್ಥಾನ’ ಇಟ್ಟು ಬರುತ್ತಿದ್ದರು. ದೇಹ ಮನೆಯಲ್ಲಿದ್ದರೂ ಪ್ರಯಾಣ ಮಾತ್ರ ಪ್ರಾರಂಭವಾಯಿತೆಂದು ಲೆಕ್ಕ. ಕಾಶಿಗೆ ಹೊರಟವರು ಆಸ್ತಿಯ ಏರ್ಪಾಡು ಮಾಡಿ, ಮರಳಿ ಬರುವುದು ದೈವಾಧೀನವೆಂದೇ ಹೊರಡುತ್ತಿದ್ದರು. ಆ ಗಾಂಭೀರ್ಯವನ್ನೆಲ್ಲ ನಾವು ಮದುವೆಯ ಮನೆಯ ಕಾಶೀಯಾತ್ರೆಯಲ್ಲಿ ಒಂದು ಛತ್ರಿ, ಒಂದು ಕೋಲು, ನಾಲ್ಕು ಹೆಜ್ಜೆಗೆ ಇಳಿಸಿಬಿಟ್ಟಿದ್ದೇವೆ. ಜಗುಲಿಯಿಂದ ಕಾಣುವ ಕಬ್ಬಾಳುದುರ್ಗದ ಬಂಡೆಯನ್ನು ನೋಡಿದಾಗ ಇನ್ನೊಂದು ಬಗೆಯ ಹೊರಡುವಿಕೆಯೂ ನೆನಪಾಯಿತು. ಮೈಸೂರಿನ ಅರಸನಾಗಿದ್ದ ಚಾಮರಾಜ ಒಡೆಯರನ್ನು 1734ರಲ್ಲಿ ಪಟ್ಟದಿಂದಿಳಿಸಿ ಕಳುಹಿಸಿದ್ದು ಆ ಬೆಟ್ಟದ ಮೇಲಕ್ಕೆ. ಆತ ಮರಳಿ ಇಳಿಯಲಿಲ್ಲ. ಆತನಿಗೆ ಗಂಟು ಕಟ್ಟಿಕೊಳ್ಳಲು ಯಾರಾದರೂ ಸಮಯ ಕೊಟ್ಟಿದ್ದರೇ? ತುಳಸಿಗೆ ನೀರಿನ ಚಿಂತೆ ಮಾಡುತ್ತಿದ್ದವನಿಗೆ ಆ ಬೆಟ್ಟವನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಸಂಕ್ರಾಂತಿಯ ಸಂಜೆ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿದೆವು. ಗಬ್ಬದ ಹಸುವನ್ನು ಬೆಂಕಿಯ ಹತ್ತಿರಕ್ಕೆ ಬಿಡದೆ ಆರತಿಯೆತ್ತಿ ಒಳಗೆ ಕಟ್ಟಿದೆವು. ಮೂರನೆಯ ದಿನ ಬೆಳಗಿನ ಜಾವ ಹೊರಟೆವು. ಹೆಂಡತಿ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು, ಮಿಕ್ಕ ಎಳ್ಳುಬೆಲ್ಲ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿದ್ದಳು. ಚಕ್ರದ ಕೆಳಗೆ ನಿಂಬೆಹಣ್ಣುಗಳು ಸಿಡಿದವು. ನಾವು ಕಣ್ಮರೆಯಾಗುವ ತನಕ ಅಂಗಳಕ್ಕೆ ಪೊರಕೆ ತಾಗಿಸಬಾರದೆಂಬುದು ನೆರೆಮನೆಯಾಕೆಗೆ ಹೇಳಿಸಿಕೊಳ್ಳದೆಯೇ ಗೊತ್ತಿತ್ತು. “ಹೋಗಿ ಬರ್ತೀವಿ” ಎಂದೆವು. ಹಲಗೂರು ದಾಟುವುದರೊಳಗೆ, ದನದ ಕೊಟ್ಟಿಗೆಯ ಹಿಂಬಾಗಿಲಿನ ಅಗುಳಿಯ ವಿಷಯ ಹೇಳಲಿಲ್ಲವೆಂದು ನೆನಪಾಗಿ, ಗಾಡಿ ನಿಲ್ಲಿಸಿ ಫೋನು ಮಾಡಿದೆ. ಆಕೆ ಆಗಲೇ ಹಾಕಿದ್ದಳು.

ಸತ್ತೇಗಾಲದ ಬಳಿ ಕಾವೇರಿಯನ್ನು ದಾಟುವಾಗ ಪ್ರತಿಸಲವೂ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದೇ ನದಿ ನಮ್ಮ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಕಲ್ಲುಗಳ ನಡುವೆ ಹಾಯುತ್ತದೆ; ಆದರೆ ಅಲ್ಲಿ ಅದು ಆಳದ ಕಣಿವೆಯ ನದಿ, ನೋಡಲು ಬಂದವರದು. ಮೇಲಿನ ಹೊಲಗಳಲ್ಲಿರುವ ನಾವು ಭೂಮಿಯನ್ನು ಕೊರೆದು ನೀರು ಹುಡುಕುವವರು. ಕೊಳ್ಳೇಗಾಲದಾಚೆ ನನ್ನ ಪಾಲಿಗೆ ಹೊಸ ಲೋಕ ತೆರೆಯಿತು. ಪುಣಜನೂರಿನ ಬಳಿ ಕಾಡು ಹೊಕ್ಕು, ರಾಜ್ಯದ ಗಡಿ ದಾಟಿ, ಹಾಸನೂರಿನಲ್ಲಿ ಚಹಕ್ಕೆ ನಿಂತರೆ ಅಂಗಡಿಯಾತನ ಬಾಯಲ್ಲಿ ಕನ್ನಡ. ಬಲಕ್ಕೆ ಒಳಗೆ ಹೋದರೆ ತಾಳವಾಡಿ, ರಾಜಕುಮಾರರು ಹುಟ್ಟಿದ ಗಾಜನೂರು. ಈರೋಡು ಜಿಲ್ಲೆಗೆ ಸೇರಿದ ಕನ್ನಡ ಸೀಮೆ. ಫಲಕಗಳ ಲಿಪಿ ಬದಲಾದರೂ ಹೊಲದ ರಾಗಿಯ ಕೂಳೆ ನಮ್ಮದರಂತೆಯೇ ಇತ್ತು.

ದಿಂಬಂನಲ್ಲಿ ಭೂಮಿ ಕಾಲಡಿಯಿಂದ ಜಾರಿತು. ಇಪ್ಪತ್ತೇಳು ತಿರುವುಗಳು, ಪ್ರತಿಯೊಂದರಲ್ಲೂ ಸಂಖ್ಯೆ ಬರೆದ ಕಲ್ಲು. ಕಬ್ಬಿನ ಲಾರಿಗಳು ಏದುಸಿರು ಬಿಡುತ್ತ ಎದುರಾಗಿ, ತಿರುವಿನಲ್ಲಿ ಒಂದು ಗಾಡಿ ನಿಂತು ಇನ್ನೊಂದಕ್ಕೆ ದಾರಿ ಬಿಡುವ ಸಹನೆಯನ್ನು ನೋಡುವುದೇ ಒಂದು ಶಿಕ್ಷಣ. ನಮ್ಮ ಬಯಲುಸೀಮೆ ಇಷ್ಟೆತ್ತರದಲ್ಲಿದೆಯೆಂಬುದು ಇಳಿಯುವ ತನಕ ನನಗೆ ತಿಳಿದಿರಲಿಲ್ಲ. ಬಣ್ಣಾರಿಯಲ್ಲಿ ಅಮ್ಮನಿಗೆ ಕೈಮುಗಿದು, ಮಲ್ಲಿಗೆಯ ಊರಾದ ಸತ್ಯಮಂಗಲಕ್ಕೆ ಬಂದಾಗ ಗಾಳಿ ಬೆಚ್ಚಗಾಗಿ, ಹೂವಿನ ಬುಟ್ಟಿಗಳ ಕಂಪು ಅದರೊಳಗೆ ಬೆರೆತಿತ್ತು. ಆ ಕಂಪಿಗೆ ನನ್ನ ಮನಸ್ಸು ಹೋದದ್ದು ನಮ್ಮ ಸೂಜಿಮಲ್ಲಿಗೆಗೆ. ಮಗ ಕನ್ನಡಿಯಲ್ಲಿ ನೋಡಿ, “ಫೋನು ಮಾಡಬೇಕೇ?” ಎಂದ.

ಕೊಯಮತ್ತೂರು, ಪೊಳ್ಳಾಚಿ, ಉಡುಮಲೈಗಳನ್ನು ಹೆಚ್ಚು ಹೇಳುವುದಿಲ್ಲ. ನಗರಗಳು ನಗರಗಳಂತೆಯೇ ಇದ್ದವು. ಆದರೆ ಒಂದೆಡೆ ರಸ್ತೆಯ ಪಕ್ಕದ ತಳ್ಳುಗಾಡಿಯಲ್ಲಿ ಮಣ್ಣಿನ ಗಡಿಗೆಯಿಂದ ರಾಗಿಯ ಗಂಜಿ ಮೊಗೆದು, ಮಜ್ಜಿಗೆ ಬೆರೆಸಿ, ಹಸಿ ಈರುಳ್ಳಿಯೂ ಹುರಿದ ಮೆಣಸಿನಕಾಯಿಯೂ ಜೊತೆಗಿಟ್ಟು ಕೊಟ್ಟರು. ನಮ್ಮಲ್ಲಿ ಗಟ್ಟಿಯಾಗಿ ಮುದ್ದೆಯೆನಿಸಿ ನುಂಗುವ ಧಾನ್ಯ ಇಲ್ಲಿ ನೀರಾಗಿ ಕುಡಿಯುವ ವಸ್ತುವಾಗಿದೆ. ಹೆಂಡತಿ ಒಂದು ಗುಟುಕು ಕುಡಿದು, “ರಾಗಿಗೆ ಮರ್ಯಾದೆ ಸಾಲದು” ಎಂದು ತೀರ್ಪಿತ್ತಳು; ಎರಡನೆಯ ಲೋಟ ಮಾತ್ರ ಬೇಡವೆನ್ನಲಿಲ್ಲ.

ಪಳನಿಯ ದಾರಿಯುದ್ದಕ್ಕೂ ತೈಪೂಸದ ಪಾದಯಾತ್ರಿಗಳು. ಹಸಿರು ಬಟ್ಟೆ, ಕಾವಿ ಬಟ್ಟೆ, ಬರಿಗಾಲು, ಹೆಗಲಿಗೊಂದು ಚೀಲ, ಕೆಲವರಿಗೆ ಅದೂ ಇಲ್ಲ. ಶಿವರಾತ್ರಿಯ ಮುಂಚೆ ನಮ್ಮ ಸೀಮೆಯಿಂದಲೂ ಜನ ಹೀಗೆಯೇ ಹೊರಡುತ್ತಾರೆ: ಸಂಗಮದ ಕಡೆಗೆ ನಡೆದು, ಕಾವೇರಿಯನ್ನು ಹಾಯ್ದು, ಕಾಡಿನ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ. ಅವರಿಗೆ ನೀರು ಮಜ್ಜಿಗೆ ಕೊಟ್ಟು ಕಳುಹಿಸಿದ್ದುಂಟೇ ಹೊರತು, ಅವರ ಮನೆಗಳಲ್ಲಿ ಹಸುವಿಗೆ ಹುಲ್ಲು ಹಾಕುವವರಾರು ಎಂದು ನಾನು ಒಮ್ಮೆಯೂ ಯೋಚಿಸಿದವನಲ್ಲ. ಡಬ್ಬಿಗಳು ಗಡಗಡಿಸುವ ಕಾರಿನಲ್ಲಿ ಕುಳಿತು ಅವರನ್ನು ದಾಟಿ ಹೋಗುವಾಗ ಕಿಟಕಿಯ ಗಾಜನ್ನು ಏರಿಸಿಕೊಂಡೆ, ಧೂಳಿಗೆಂದು ಹೇಳಿದೆ.

ಇನ್ನು ಕಂಬಂ. ಪಶ್ಚಿಮಘಟ್ಟದ ನೀಲಿ ಗೋಡೆಗೆ ಒರಗಿದ ಹಸಿರು ಕಣಿವೆ. ಚಪ್ಪರದ ಕೆಳಗೆ ಕಪ್ಪುದ್ರಾಕ್ಷಿಯ ಗೊಂಚಲುಗಳು, ತೆಂಗು, ಬಾಳೆ, ಗದ್ದೆ. ಈ ಹಸುರೆಲ್ಲ ತಿರುಗಿಸಿದ ನದಿಯೊಂದರ ಕೊಡುಗೆ. ಪಶ್ಚಿಮಕ್ಕೆ ಹರಿದು ಕಡಲು ಸೇರುವ ಪೆರಿಯಾರಿಗೆ ಬೆಟ್ಟದ ಮೇಲೆ ಅಣೆ ಕಟ್ಟಿ, ಬಂಡೆಯನ್ನು ಕೊರೆದು, ನೀರನ್ನು ಪೂರ್ವದ ಈ ಒಣನೆಲಕ್ಕೆ ಹರಿಸುವ ಕಾರ್ಯ 1895ರಲ್ಲಿ ಪೂರೈಸಿತು. ಅದನ್ನು ಮಾಡಿಸಿದ ಪೆನ್ನಿಕ್ವಿಕ್ ಎಂಬ ಆಂಗ್ಲ ಎಂಜಿನಿಯರನ ಚಿತ್ರ ಇಲ್ಲಿ ದೇವರ ಪಟಗಳ ಸಾಲಿನಲ್ಲಿದೆ. ಆತ ಹುಟ್ಟಿದ ದಿನ ಜನವರಿ 15. ಪೊಂಗಲಿನೊಡನೆ ಅದನ್ನೂ ಆಚರಿಸುತ್ತಾರೆ. ನಾವು ಹೋದಾಗ ಆತನ ಚಿತ್ರವೊಂದಕ್ಕೆ ಹಾಕಿದ ಸೇವಂತಿಗೆಯ ಮಾಲೆ ಬಾಡಿ ಇನ್ನೂ ನೇತಾಡುತ್ತಿತ್ತು. ಕಾವೇರಿಯ ಪಕ್ಕದಲ್ಲಿದ್ದುಕೊಂಡು ಕೊಳವೆ ಬಾವಿಯ ಕರೆಂಟಿಗಾಗಿ ರಾತ್ರಿ ಎದ್ದು ಕೂರುವವನು ಆ ಮಾಲೆಯನ್ನು ನೋಡಿ ಏನೆಂದುಕೊಂಡನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ದ್ರಾಕ್ಷಿಗಾಗಿ ಅಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಕಪ್ಪಿಲಿಯರೆಂಬ ಕನ್ನಡಿಗ ಒಕ್ಕಲಿಗರ ಪ್ರಸ್ತಾಪವನ್ನು ಎಂದೋ ಓದಿದ್ದೆ. ತುಂಗಭದ್ರೆಯ ಸೀಮೆಯಿಂದ ಶತಮಾನಗಳ ಹಿಂದೆ ದಕ್ಷಿಣಕ್ಕೆ ಬಂದು ನೆಲಸಿದವರೆಂಬುದು ಅವರ ಐತಿಹ್ಯ. ಮನೆಯೊಳಗಿನ ಮಾತು ಇಂದಿಗೂ ಕನ್ನಡ. ಅವರಿಗೊಂದು ದೇವರ ದನದ ಹಿಂಡು ಉಂಟು. ಊರವರು ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುತ್ತಾರೆ. ಅವರು ಮಾತ್ರ ‘ದೇವರ ಆವು’ ಎಂದು ಕರೆಯುವುದನ್ನು ಆ ಗ್ರಂಥ ದಾಖಲಿಸಿದೆ. ಆವು! ನಮ್ಮ ಹಳಗನ್ನಡದ ಪದ್ಯಗಳಲ್ಲಿ ಅರ್ಥಕೋಶ ನೋಡಿ ಓದುವ ಮಾತು. ನಾವು ಅದನ್ನು ಬಿಟ್ಟು ಹಸುವೆಂದೆವು, ಆಕಳೆಂದೆವು. ಊರು ಬಿಟ್ಟು ಹೋದವರು ಅದನ್ನು ದನಗಳ ಜೊತೆಯಲ್ಲಿಯೇ ಹೊಡೆದುಕೊಂಡು ಹೋಗಿದ್ದಾರೆ. ಆ ಹಿಂಡಿನ ಹೋರಿ ‘ಪಟ್ಟದ ಆವು’. ಅದು ಸತ್ತರೆ ಇನ್ನೊಂದನ್ನು ಆರಿಸುವವರು ಮನುಷ್ಯರಲ್ಲ: ಕರ್ಪೂರ ಹಚ್ಚಿ, ಹಿಂಡಿನೆದುರು ಕಬ್ಬಿನ ಹೊರೆಯಿಟ್ಟು ಕಾಯುತ್ತಾರೆ, ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿಕ್ಕಿದ ಹೋರಿಗೆ ಪಟ್ಟ.

ಸಂಜೆ ಆ ದೊಡ್ಡಿಯ ಬಳಿ ನಿಂತೆವು. ಚಿಕ್ಕ ಮೈಕಟ್ಟಿನ, ಚೂಪು ಕೊಂಬಿನ, ಬೆಟ್ಟ ಹತ್ತಿ ಇಳಿದು ಮೈ ಬಿಗಿದ ದನಗಳು. ಧೂಳಿನಲ್ಲಿ ಹೊಂಬಣ್ಣದ ಬೆಳಕು. ಪೂಜೆಗೆಂದು ಬಂದಿದ್ದ ಆ ವೃದ್ಧೆ ನಮ್ಮ ಮಾತನ್ನು ಕೇಳಿಸಿಕೊಂಡು ತಿರುಗಿದಳು. ಆಕೆಯ ಕನ್ನಡಕ್ಕೆ ತಮಿಳಿನ ಇಳುಕು. ಪದಗಳು ನಮ್ಮವು, ರಾಗ ಬೇರೆ. ಅರ್ಧ ಮಾತು ಮಾತಿನಲ್ಲಿ, ಉಳಿದರ್ಧ ಕೈಯಲ್ಲಿ ನಡೆಯಿತು. ಯಾವ ಊರೆಂದು ಕೇಳಿದಳು. ಸಾತನೂರೆಂದರೆ ಆಕೆಗೇನು ತಿಳಿಯಬೇಕು, “ಬೆಂಗಳೂರಿನ ಹತ್ತಿರ” ಎಂದೆ. ಹೆಂಡತಿ ಎಳ್ಳುಬೆಲ್ಲದ ಡಬ್ಬಿ ತೆರೆದು ಆಕೆಯ ಅಂಗೈಗೆ ಹಾಕಿದಳು. ಮನೆಯಲ್ಲಿ ಯಾರಿದ್ದಾರೆಂದು ಆಕೆ ಕೇಳಿದ್ದೇ ತಡ, ನಾನು ಮೂರು ವಾರದ ಸಿದ್ಧತೆಯನ್ನು, ಮಡಕೆ ಹೂತದ್ದನ್ನು, ನಾಲ್ಕು ಹಾಳೆ ಬರೆದುಕೊಟ್ಟದ್ದನ್ನು, ಗಬ್ಬದ ಹಸುವಿಗೆ ಮಾಡಿದ ಏರ್ಪಾಡನ್ನು, ಸ್ವಲ್ಪ ಹೆಮ್ಮೆಯಿಂದಲೇ, ವಿವರಿಸಿದೆ. ಆಕೆ ಎಳ್ಳು ಅಗಿಯುತ್ತ ಕೇಳಿದಳು. ಮಾವೂ ಮಲ್ಲಿಗೆಯೂ ಕೊಳವೆ ಬಾವಿಯೂ ಆಕೆಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಹಿಂಡಿನತ್ತ ಒಮ್ಮೆ ನೋಡಿ, ನನ್ನತ್ತ ತಿರುಗಿ, ಕೇಳಿದಳು:

“ದನ ಬಿಟ್ಟು ಬಂದಿಯಾ?”

ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಮಗುವನ್ನು ಬಿಟ್ಟು ಬಂದೆಯಾ ಎನ್ನುವ ಹಾಗೆ, ಬರಿಯ ಆಶ್ಚರ್ಯ. ನೂರಾರು ವರ್ಷಗಳ ಹಿಂದೆ ಈಕೆಯ ಪೂರ್ವಿಕರು ಹೊರಟಾಗ ಬೀಗದ ಕೈಯನ್ನು ಯಾರ ಕೈಗೆ ಕೊಟ್ಟರು? ನೆಲ ಬಿಟ್ಟರು, ನದಿ ಬಿಟ್ಟರು, ಬೆಳೆ ನಿಂತ ಹೊಲ ಬಿಟ್ಟಿದ್ದರೂ ಬಿಟ್ಟಿರಬಹುದು; ಕಾಲಿರುವುದನ್ನು ಬಿಡಲಿಲ್ಲ. ನಾನು “ಹನ್ನೆರಡೇ ದಿನ” ಎಂದೆ. ಆಕೆ ತಲೆಯಾಡಿಸಿ, ಉಳಿದ ಎಳ್ಳುಬೆಲ್ಲವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ದೊಡ್ಡಿಯ ಕಡೆಗೆ ನಡೆದಳು.

ಕನ್ಯಾಕುಮಾರಿಯನ್ನು ಕಂಡವರು ಬಹಳ ಮಂದಿ ಬರೆದಿದ್ದಾರೆ. ಮೂರು ಸಮುದ್ರ ಕೂಡುವುದನ್ನು ನಾನೂ ಕಂಡೆ. ಭೂಮಿ ಮುಗಿಯುವ ಆ ಬಂಡೆಯ ಮೇಲೆ ನಿಂತು ಮನೆಗೆ ಫೋನು ಮಾಡಿದಾಗ, ಎಲ್ಲ ಚೆನ್ನಾಗಿದೆ, ನೋಡಿಕೊಂಡು ಬನ್ನಿ ಎಂಬ ಉತ್ತರ, ಹಿನ್ನೆಲೆಯಲ್ಲಿ ಅಂಬಾ ಎಂಬ ಕೂಗು. ಅದು ನಮ್ಮ ಹಸುವಿನ ದನಿಯಲ್ಲವೆಂದು ನನಗನ್ನಿಸಿತು. ಕಡಲ ಗಾಳಿಯಲ್ಲಿ ಏನು ಕೇಳಿಸುತ್ತದೆ, ಏನಿಲ್ಲ.

ಹನ್ನೆರಡನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಬಂದು ಇಳಿದರೆ ಕೊಟ್ಟಿಗೆಯಲ್ಲಿ ಎರಡಿದ್ದದ್ದು ಮೂರಾಗಿದ್ದವು. ನನ್ನ ಲೆಕ್ಕ ತಪ್ಪಿತ್ತು: ಎರಡನೆಯ ಸಲ ಕೊಡಿಸಿದ ಸೂಜಿಯಿಂದ ನಾನು ದಿನ ಎಣಿಸಿದ್ದೆ, ಹಸು ಮೊದಲ ಸಲಕ್ಕೇ ಗಬ್ಬವಾಗಿತ್ತು, ನಡುವೆ ಮೂರು ವಾರ. ನಾವು ಹೊರಟ ಒಂಬತ್ತನೆಯ ರಾತ್ರಿ ಈಯಿತಂತೆ. ನೆರೆಮನೆಯಾಕೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕುಳಿತು, ಸತ್ತೆ ಬೀಳುವ ತನಕ ಕಾದು, ಗಿಣ್ಣು ಕಾಯಿಸಿ ನಾಲ್ಕು ಮನೆಗೆ ಹಂಚಿ, ನಮ್ಮ ಪಾಲನ್ನು ನಮ್ಮ ಹೆಸರಿನಲ್ಲಿ ತಾನೇ ತಿಂದಿದ್ದಳು. ಫೋನಿನಲ್ಲಿ ಏಕೆ ಹೇಳಲಿಲ್ಲವೆಂದರೆ, “ಹೇಳಿದ್ರೆ ನೀವು ಅಲ್ಲಿಂದ್ಲೇ ತಿರುಗ್ಬುಡ್ತಿದ್ರಿ ಕಣೇಳಿ” ಎಂದಳು. ಮಡಕೆಗಳಲ್ಲಿ ನೀರಿತ್ತು. ಮಾವಿನ ಹೂವು ಉದುರುವಷ್ಟು ಉದುರಿ, ನಿಲ್ಲುವಷ್ಟು ನಿಂತಿತ್ತು. ಕರಿಬೇವಿಗೆ ಮಾತ್ರ ನೀರು ಹೆಚ್ಚಾಗಿ ಎಲೆ ಹಳದಿಯಾಗಿತ್ತು. ನನ್ನ ನಾಲ್ಕು ಹಾಳೆಗಳು ಆಕೆಯ ಮನೆಯ ಕಬ್ಬಾಳಮ್ಮನ ಪಟದ ಹಿಂದೆ, ಅಂಚಿಗೆ ಕುಂಕುಮ ಹತ್ತಿಸಿಕೊಂಡು, ಸಿಕ್ಕಿಸಿದ್ದವು ಸಿಕ್ಕಿಸಿದ ಹಾಗೆಯೇ ಇದ್ದವು.

ಕೈಕಾಲು ತೊಳೆದು ಕರುವನ್ನು ನೋಡಲು ಕೊಟ್ಟಿಗೆಗೆ ಹೋದೆ. ಹೆಣ್ಣುಕರು, ಹಣೆಯಲ್ಲಿ ಬಿಳಿಯ ಬೊಟ್ಟು. ನಾನು ಕೈ ಚಾಚಿದೊಡನೆ ಬೆದರಿ, ನಾಲ್ಕು ಕಾಲೂ ಒಮ್ಮೆಗೇ ಎತ್ತಿ ಹಾರಿ, ನೆರೆಮನೆಯಾಕೆಯ ಸೀರೆಯ ಹಿಂದೆ ನಿಂತು ಇಣುಕಿ ನೋಡಿತು. ಆಕೆ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, ಇನ್ನು ಸ್ವಲ್ಪ ದಿನ ಎರಡು ಹೊತ್ತೂ ಹಾಲು ಕರೆಯಲು ತಾನೇ ಬರುವುದಾಗಿಯೂ, ಹಸು ತನ್ನ ಕೈಗೆ ಹೊಂದಿಕೊಂಡುಬಿಟ್ಟಿದೆಯಾಗಿ ನಾನು ಹೋದರೆ ಒದೆಯಬಹುದೆಂದೂ ಹೇಳಿ ಹೋದಳು. ಈಗಲೂ ಬೆಳಗ್ಗೆ ಆಕೆಯೇ ಬರುತ್ತಾಳೆ.